ತಾರವ್ವನ ಉದ್ರಿ ಕಾರ್ಡು

ಉದ್ರಿ ಕಾರ್ಡು ಕೊಡುವುದಿಲ್ಲವೆಂದು ಧನಪಾಲ ಹೇಳಿದಾಗ ತಾರವ್ವನಿಗೆ ನಗು ಬಂತು.

ಅದು ಇಚಲಕರಂಜಿಯ ಮಗ್ಗದ ಕೆಲಸಗಾರರ ಸಹಕಾರಿ ಅಂಗಡಿ. ಜನ ಅದನ್ನು ಭಾಂಡಾರ ಅನ್ನುತ್ತಿದ್ದರು. ಕೆಲಸಗಾರರೆಲ್ಲರ ಪಗಾರದಲ್ಲಿ ಶೇರಿನ ಹಣ ಮುರಿದುಕೊಂಡು ಕಟ್ಟಿದ ಅಂಗಡಿ. ಕಾರ್ಡು ಇದ್ದವರು ಮುಂಬಾಗಿಲಿನಿಂದ ಒಳಗೆ ಹೋಗಿ ಜೋಳ, ಎಣ್ಣೆ, ಬೆಲ್ಲ ಉದ್ರಿ ಒಯ್ಯುತ್ತಿದ್ದರು. ಪಗಾರದ ದಿನ ಅದು ಚುಕ್ತಾ ಆಗುತ್ತಿತ್ತು. ಕಾರ್ಡು ಇಲ್ಲದವರು ರೋಖು ಹಣ ಕೊಟ್ಟು ಒಯ್ಯಬೇಕು. ತಾರವ್ವನ ಓಣಿಯವರಾದರೆ ರೋಖು ಕೊಟ್ಟರೂ ಪಕ್ಕದ ಕಿಟಕಿ. ಒಳಗಿನಿಂದ ತಗಡಿನ ಡಬ್ಬಿಯಲ್ಲಿ ಸುರಿಯುತ್ತಿದ್ದರು. ಕೆಳಗೆ ನಿಂತು ಸೆರಗು ಒಡ್ಡಬೇಕು. ಆ ಓಣಿಯವರು ಮನೆಯ ದೇವರುಗಳನ್ನೆಲ್ಲ ಪಂಚಗಂಗೆಗೆ ಬಿಟ್ಟು ಬೌದ್ಧ ದೀಕ್ಷೆ ತೆಗೆದುಕೊಂಡು ಆರೇಳು ವರ್ಷವಾಗಿತ್ತು. ಹಳೆಯ ಜಾತಿಯ ಹೆಸರನ್ನು ಅವರು ಬಿಟ್ಟಿದ್ದರು. ಕಿಟಕಿ ಅವರನ್ನು ಬಿಟ್ಟಿರಲಿಲ್ಲ.

ಧನಪಾಲ ಭಾಂಡಾರದ ಸೆಕ್ರೆಟರಿ. ಕಿಟಕಿಯಿಂದ ಮುಖ ಹೊರಗೆ ಹಾಕಿ ಹೇಳಿದ. "ನಿನಗ ಜಾಮೀನದಾರ ಇಲ್ಲ. ಕಾರ್ಡ ಇದ್ದ ಇಬ್ಬರು ಸಹಿ ಹಾಕಬೇಕು. ಯಾರೂ ಹಾಕಿಲ್ಲ. ಅರ್ಜಿ ನಾಮಂಜೂರ."

"ನಮ್ಮ ಓಣಿಯವರು ಹಾಕಿದ್ರ ನಡೀತೈತೇನ್ರಿ?"

"ಕಾರ್ಡ ಇದ್ದವರು ಯಾರಾದ್ರೂ ಆತು."

"ನಮ್ಮ ಓಣ್ಯಾಗ ಯಾರಿಗೂ ಕಾರ್ಡ ಇಲ್ರಿ."

"ಯಾಕಿಲ್ಲ?"

"ಜಾಮೀನದಾರ ಇಲ್ಲಲ್ರಿ."

"ಹಾಂ," ಧನಪಾಲ ತಲೆಯಾಡಿಸಿದ. ಹೆಂಗಸಿಗೆ ಕಡೆಗೂ ತಿಳಿಯಿತು ಅನ್ನುವ ಸಮಾಧಾನ ಅವನ ಮುಖದಲ್ಲಿತ್ತು. "ಅದನ್ನs ಹೇಳಾಕತ್ತೇನಿ."

ತಾರವ್ವನಿಗೆ ತಡೆಯಲಾಗಲಿಲ್ಲ. ಅವಳ ನಗು ಹಾಗೆಯೇ. ಹೊಟ್ಟೆಯಿಂದ ಏಳುತ್ತದೆ, ಹೆಗಲು ಕುಣಿಸುತ್ತದೆ, ಕಣ್ಣಲ್ಲಿ ನೀರು ತರುತ್ತದೆ, ಬಾಯಿಗೆ ಸೆರಗು ತುರುಕಿಕೊಂಡರೆ ಮೂಗಿನಿಂದ ಹೊರಗೆ ಬರುತ್ತದೆ. ಚಿಕ್ಕವಳಿದ್ದಾಗ ಸಾವಿನ ಮನೆಯಲ್ಲಿ ನಕ್ಕು ಅವ್ವನ ಕೈಯಲ್ಲಿ ಪೆಟ್ಟು ತಿಂದಿದ್ದಳು. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ನಕ್ಕು ಅತ್ತೆಯ ಕೈಯಲ್ಲಿ ಬೈಸಿಕೊಂಡಿದ್ದಳು. ಈಗ ಭಾಂಡಾರದ ಕಿಟಕಿಯ ಕೆಳಗೆ ನಿಂತು ನಕ್ಕಳು.

ನಗು ಕೇಳಿ ಒಳಗಿನಿಂದ ತಮ್ಮಣ್ಣ ಬಂದ. ಭಾಂಡಾರದ ಅಧ್ಯಕ್ಷ ಅವನೇ. ತಾರವ್ವ ದುಡಿಯುವ ಕಾರಖಾನೆಯ ಜಾಬರನೂ ಅವನೇ. ಯಾರಿಗೆ ಕೆಲಸ, ಯಾರಿಗೆ ಪಗಾರವಿಲ್ಲದ ಖಾಡಾ ಎಂದು ದಿನಾ ಬೆಳಿಗ್ಗೆ ಹೇಳುವವನು.

"ಏನ ನಗಾಕತ್ತಿ? ನಿಮ್ಮಪ್ಪನ ಅಂಗಡಿ ಏನಿದು?"

"ಇಲ್ರಿ ತಮ್ಮಣ್ಣಾರ," ತಾರವ್ವ ಉಸಿರು ಹಿಡಿದು ಹೇಳಿದಳು. "ನಮ್ಮಪ್ಪಂದೂ ಅಲ್ಲ. ನಿಮ್ಮಪ್ಪಂದೂ ಅಲ್ಲ."

ಮುಂಬಾಗಿಲಲ್ಲಿ ನಿಂತವರೆಲ್ಲ ಇತ್ತ ತಿರುಗಿದರು. ತಮ್ಮಣ್ಣನ ಕೈಯಲ್ಲಿ ಕೊಡೆ ಇತ್ತು. ಮುಟ್ಟದೆ ಹೊಡೆಯಲು ಕೊಡೆ ಅನುಕೂಲ. ಅದರ ತುದಿಯಿಂದ ಅವಳ ಸೆರಗಿಗೆ ಬಡಿದ. ರೋಖು ಕೊಟ್ಟು ತೆಗೆದುಕೊಂಡಿದ್ದ ಜೋಳ ರಸ್ತೆಗೆ ಚೆಲ್ಲಿತು. ಅರ್ಧ ಗಟಾರದ ಅಂಚಿಗೆ ಹೋಯಿತು.

ತಾರವ್ವ ಕುಕ್ಕರಗಾಲಲ್ಲಿ ಕೂತು ಬಳಿದಳು. ಕಾಳಿಗಿಂತ ಹರಳು ಹೆಚ್ಚು ಕೈಗೆ ಬಂತು. ಸೈಕಲ್ಲುಗಳು ಅವಳನ್ನು ಬಳಸಿ ಹೋದವು. ಯಾರೂ ಇಳಿಯಲಿಲ್ಲ. ಅವಳ ನಗು ನಿಂತಿತ್ತು.

"ನ್ಯಾಯ ಬೇಕಾದ್ರ ಕೊಲ್ಹಾಪುರಕ್ಕ ಹೋಗು," ಧನಪಾಲ ಕಿಟಕಿಯಿಂದ ಚೇಷ್ಟೆ ಮಾಡಿದ. "ಅಲ್ಲಿ ದೊಡ್ಡ ಸಾಹೇಬ್ರು ಅದಾರ. ಅಪೀಲ ಮಾಡು, ಹೋಗು."

ಈಗ ನಗುವ ಸರದಿ ಬಾಗಿಲಲ್ಲಿ ನಿಂತವರದಾಯಿತು.

ತಾರವ್ವನಿಗೆ ಕಾರ್ಡು ಬೇಕಿದ್ದುದು ಶೋಕಿಗಲ್ಲ. ಪಗಾರ ಅರ್ಧ ತಿಂಗಳಿಗೆ ತೀರುತ್ತಿತ್ತು. ಆಮೇಲೆ ಓಣಿಯ ಹೆಂಗಸರಿಗೆ ಉದ್ರಿ ಕೊಡುತ್ತಿದ್ದವನು ಒಬ್ಬನೇ, ಕಿರಾಣಿ ಅಂಗಡಿಯ ಗುರುಸಿದ್ದ. ಜೋಳಕ್ಕೆ ಕಲ್ಲು ಬೆರೆಸುತ್ತಿದ್ದ, ಬೆಲ್ಲಕ್ಕೆ ಮಣ್ಣು. ಅದನ್ನು ತಿನ್ನಬಹುದು. ಆದರೆ ಚೀಲ ಕೊಡುವಾಗ ಅವನು ಮಣಿಕಟ್ಟು ಹಿಡಿಯುತ್ತಿದ್ದ. ತನ್ನ ಮಾತು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಅವನ ಮಾತು ಬೇಗ ಮುಗಿಯುತ್ತಿರಲಿಲ್ಲ. ಓಣಿಯ ಎಲ್ಲ ಹೆಂಗಸರಿಗೂ ಇದು ಗೊತ್ತಿತ್ತು. ಗಂಡಂದಿರಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಗಂಡಂದಿರು ಅವನಿಗೆ ಹೊಡೆಯುತ್ತಾರೆ. ಮರುದಿನ ಒಲೆ ಹೊತ್ತುವುದಿಲ್ಲ. ತಾರವ್ವ ಮನೆಗೆ ಬಂದು ಆ ಮಣಿಕಟ್ಟನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಚರ್ಮ ಕೆಂಪಾದರೂ ತಿಕ್ಕುತ್ತಿದ್ದಳು.

ಸಹಿಗಾಗಿ ಅವಳು ಕಾರ್ಡು ಇದ್ದವರ ಮನೆಗಳನ್ನೆಲ್ಲ ತಿರುಗಿದ್ದಳು. ಒಬ್ಬರಿಗೆ ಕನ್ನಡಕ ಇರಲಿಲ್ಲ. ಒಬ್ಬರ ಮನೆಯಲ್ಲಿ ಸೂತಕ. ಅವಳ ಪಕ್ಕದ ಮಷೀನಿನಲ್ಲಿ ನಿಲ್ಲುವ ಗಂಗುಬಾಯಿ ನೇಕಾರರ ಮನೆಯವಳು. ಅವಳ ಹೆಸರಿನಲ್ಲೇ ಕಾರ್ಡು ಇತ್ತು. ಅವಳು ಮಾತ್ರ ಸುಳ್ಳು ಹೇಳಲಿಲ್ಲ.

"ನೀ ಭಾಳ ಚಲೋ ಅದಿ ತಾರಾ. ಆದ್ರ ನಮ್ಮ ಮನ್ಯಾಗ ಒಪ್ಪೂದಿಲ್ಲ. ನಮ್ಮವರು ತಮ್ಮಣ್ಣನ ಕೈಯಾಗ ಕೆಲಸ ಮಾಡ್ತಾರ. ನನ್ನ ಕೇಳಬ್ಯಾಡ," ಅಂದಿದ್ದಳು. ಹೇಳುವಾಗ ಅವಳ ಕಣ್ಣು ನೆಲದಲ್ಲಿತ್ತು.

ಜೋಳ ಚೆಲ್ಲಿದ ಸಂಜೆ ತಾರವ್ವ ಗಂಡನ ಮುಂದೆ ಕೂತು ಹೇಳಿದಳು. ಮಾಯಪ್ಪ ನೂಲಿನ ಪೇಟೆಯಲ್ಲಿ ಹಮಾಲ. ಬೆನ್ನಿನ ಮೇಲೆ ಗಂಟು ಹೊತ್ತು ಹೊತ್ತು ಕೂತಾಗಲೂ ಬಾಗಿಯೇ ಕೂರುತ್ತಿದ್ದ.

"ನಾ ಕೊಲ್ಹಾಪುರಕ್ಕ ಹೋಗಾಕಿ. ಅಪೀಲ ಮಾಡ್ತೇನಿ."

"ಅಂವ ಚೇಷ್ಟಿ ಮಾಡ್ಯಾನ."

"ಗೊತ್ತೈತಿ. ನಾ ಖರೇನs ಹೋಗ್ತೇನಿ."

ಮಾಯಪ್ಪ ಅವಳ ಸೆರಗಿಗೆ ಅಂಟಿದ್ದ ಗಟಾರದ ಕೆಸರು ನೋಡಿದ. "ಹೋಗು," ಅಂದ. "ಆದ್ರ ಅಲ್ಲಿ ನಗಬ್ಯಾಡ."

ಜೊತೆಗೆ ಹಿರಾಬಾಯಿ ಹೊರಟಳು. ಪಕ್ಕದ ಮನೆಯವಳು, ಅದೇ ಕಾರಖಾನೆಯಲ್ಲಿ ನೂಲಿನ ಕಂಡಿಕೆ ಸುತ್ತುವವಳು, ಮರಾಠಿ ಮನೆಯ ಮಗಳು. ಕನ್ನಡವನ್ನು ಓಣಿಯಲ್ಲಿ ಕಲಿತು ತನಗೆ ಬೇಕಾದ ಹಾಗೆ ಮುರಿದು ಆಡುತ್ತಿದ್ದಳು. ಬಸ್ಸಿನ ಖರ್ಚಿಗೆ ತನ್ನ ಕೋಳಿ ಮಾರಿದಳು. "ಅದು ತತ್ತಿ ಇಡೂದು ಬಿಟ್ಟಿತ್ತು ತಾರಕ್ಕಾ. ಸುಮ್ಮನ ಕುಂತು ತಿಂತಿತ್ತು. ಅಧ್ಯಕ್ಷ ಆಗಿತ್ತು," ಅಂದಳು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯೆಲ್ಲ ತಾರವ್ವ ನಕ್ಕಳು. ನಗು ಇಲ್ಲೇ ಮುಗಿಯಲಿ, ಸಾಹೇಬರ ಮುಂದೆ ಬರದಿರಲಿ ಎಂದುಕೊಂಡು ಮನಸಾರೆ ನಕ್ಕಳು.

ಅಂದು ಕರೆಂಟಿನ ರಜೆ. ಊರ ಮಗ್ಗಗಳೆಲ್ಲ ನಿಂತಿದ್ದವು. ಇಬ್ಬರೂ ತೊಳೆದ ಸೀರೆ ಉಟ್ಟಿದ್ದರು. ಕೊಲ್ಹಾಪುರದಲ್ಲಿ ಇಳಿದು ಸಹಕಾರಿ ಖಾತೆಯ ಕಚೇರಿ ಕೇಳುತ್ತ ಹೋದರು. ಒಬ್ಬ ಬಲಕ್ಕೆ ಕೈ ತೋರಿಸಿದ, ಇನ್ನೊಬ್ಬ ಎಡಕ್ಕೆ. ಬೆಲ್ಲದ ಗಾಡಿಗಳ ಸಾಲಿನ ನಡುವೆ ಸಿಕ್ಕಿಕೊಂಡರು. ಅಂಬಾಬಾಯಿಯ ಗುಡಿಯ ಹತ್ತಿರ ಒಬ್ಬ ಪೂಜೆಯ ಸಾಮಾನಿನವನು ಕುಂಕುಮ ಕೊಳ್ಳಲು ಕರೆದ. ದೇವಿಗೆ ನಮ್ಮ ಅಪೀಲು ಹಾಕಿಕೊಡುತ್ತೀರಾ ಎಂದು ಹಿರಾಬಾಯಿ ಕೇಳಿದ್ದಕ್ಕೆ ಅವನು ಬೈದ. ಕಡೆಗೆ ಕಚೇರಿ ಸಿಕ್ಕಿತು. ಜವಾನ ಸ್ಟೂಲಿನ ಮೇಲೆ ಕೂತಿದ್ದ.

"ಸಾಹೇಬ ನಾಹೀತ," ಅಂದ. "ಗಡಹಿಂಗ್ಲಜಲಾ ಗೇಲೇತ." ಸಾಹೇಬರಿಲ್ಲ, ಗಡಹಿಂಗ್ಲಜಕ್ಕೆ ಕ್ಯಾಂಪಿಗೆ ಹೋಗಿದ್ದಾರೆ. ಯಾವಾಗ ಬರುತ್ತಾರೆಂದು ಅವನಿಗೂ ಗೊತ್ತಿಲ್ಲ.

ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದರು. ಇದ್ದ ದುಡ್ಡು ಊರಿಗೆ ಮರಳಲು ಸಾಕು. ಗಡಹಿಂಗ್ಲಜಕ್ಕೆ ಹೋಗಲೂ ಸಾಕು. ಎರಡಕ್ಕೂ ಸಾಲದು.

"ಗಡಹಿಂಗ್ಲಜದಿಂದ ನಮ್ಮ ಮಹಾಗಾಂವ ಹತ್ರನs ಐತಿ," ತಾರವ್ವ ಹೇಳಿದಳು. "ಅವ್ವ ಅದಾಳ. ತಿರುಗಿ ಬರೂ ಖರ್ಚಿಗೆ ಅಕಿನ ಕೇಳೂಣು."

"ಅವ್ವ ಬೈಯೂದಿಲ್ಲೇನ?"

"ಬೈತಾಳ. ಬೈಕೋತನs ಕೊಡ್ತಾಳ."

"ಚಲ ಮಗ, ನಡಿ ಮತ್ತ," ಹಿರಾಬಾಯಿ ಎದ್ದೇಬಿಟ್ಟಳು.

ಬಸ್ಸು ತುಂಬಿತ್ತು. ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು. ಕಾಗಲ ದಾಟಿ ನಿಪ್ಪಾಣಿಗೆ ಬಂದಾಗ ಬೋರ್ಡುಗಳೆಲ್ಲ ಕನ್ನಡವಾದವು. ಮಹಾರಾಷ್ಟ್ರ ಮುಗಿದು ಮೈಸೂರು ರಾಜ್ಯ ಬಂತೆಂದು ಪಕ್ಕದ ಮುದುಕ ಹೇಳಿದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಮಹಾರಾಷ್ಟ್ರ ಬರುತ್ತದಂತೆ. ಹಿರಾಬಾಯಿ ಕಿಟಕಿಯಿಂದ ಬಗ್ಗಿ ನೆಲ ನೋಡಿದಳು.

"ಇಲ್ಲಿಯವರಿಗೆ ಇಲ್ಲಿ ಕಾರ್ಡ ಕೊಡ್ತಾರೇನ?"

"ಮೈಸೂರಾಗ ಜಾಮೀನದಾರ ಮಹಾರಾಷ್ಟ್ರದವ ಬೇಕಂತಾರ. ಮಹಾರಾಷ್ಟ್ರದಾಗ ಮೈಸೂರವ ಬೇಕಂತಾರ," ತಾರವ್ವ ಹೇಳಿದಳು.

ಅಷ್ಟಕ್ಕೇ ಇಬ್ಬರಿಗೂ ಹಿಡಿದುಕೊಂಡಿತು. ಬಸ್ಸು ಕುಣಿದಂತೆಲ್ಲ ನಗು ಹೆಚ್ಚಿತು. ಹಿರಾಬಾಯಿಗೆ ಬಿಕ್ಕಳಿಕೆ ಬಂತು. ಕಂಡಕ್ಟರ್ ಎದ್ದು ಬಂದು, ಸುಮ್ಮನಿರದಿದ್ದರೆ ಇಳಿಸುತ್ತೇನೆ ಅಂದ. ಯಾವ ರಾಜ್ಯದಲ್ಲಿ ಎಂದು ತಾರವ್ವ ಕೇಳಿದಳು. ಅವನೂ ನಕ್ಕ.

ತಾರವ್ವ ಹೊರಗೆ ನೋಡಿದಳು. ದುಡಿಯಲು ಶುರುಮಾಡಿದ ಮೇಲೆ ಇಷ್ಟು ಹೊತ್ತು ಕೂತದ್ದು ಅವಳಿಗೆ ನೆನಪಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತಿರುವುದೇ ಅವಳ ಕೆಲಸ. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುವುದು. ಎಳೆ ಹರಿದರೆ ಹಿಡಿದು ಗಂಟು ಹಾಕಬೇಕು. ಹರಿಯದೆ ಇದ್ದರೆ ಅದು ಬೆರಳು ಕೊಯ್ಯುತ್ತದೆ. ತೋರುಬೆರಳಿನ ಸೀಳಿನಲ್ಲಿ ಉಪ್ಪು ಸೇರದ ದಿನವಿಲ್ಲ. ಸಂಜೆಗೆ ಪಾದ ಊದಿ ಕಾಲುಂಗುರ ಬಿಗಿಯುತ್ತದೆ. ಕೆಮ್ಮಿದರೆ ಹತ್ತಿಯ ಎಳೆ ಬರುತ್ತದೆ. ಈಗ ಅವಳ ಪಾದಗಳು ಬಸ್ಸಿನಲ್ಲಿ ನೆಲಕ್ಕೆ ತಾಗದೆ ತೂಗುತ್ತಿದ್ದವು. ಸುಖವೆನಿಸಿತು. ಆ ಸುಖಕ್ಕೆ ಸಿಟ್ಟೂ ಬಂತು. ಇಷ್ಟು ಸಣ್ಣ ಸುಖ, ಇಷ್ಟು ದಿನ ಯಾಕೆ ಸಿಗಲಿಲ್ಲ.

ಗಡಹಿಂಗ್ಲಜದಲ್ಲಿ ಸಾಹೇಬರು ಒಂದು ಗೋದಾಮಿನ ಮುಂದಿನ ಕೋಣೆಯಲ್ಲಿ ಕೂತಿದ್ದರು. ಅವರಿಗೆ ನೆಗಡಿಯಾಗಿತ್ತು. ಮೇಜಿನ ಮೇಲೆ ಶೇಂಗಾ ಸಿಪ್ಪೆಯ ಗುಡ್ಡೆ. ಬಾಗಿಲಲ್ಲಿದ್ದವನು ಇಬ್ಬರನ್ನೂ ಬಿಸಿಲಿನಲ್ಲಿ ನಿಲ್ಲಿಸಿದ. ಊಟದ ಹೊತ್ತಾಯಿತು, ಸಾಹೇಬರು ಉಂಡರು. ನಿದ್ದೆಯ ಹೊತ್ತಾಯಿತು, ಕೂತಲ್ಲೇ ತೂಕಡಿಸಿದರು. ನೆರಳು ಗೋಡೆಯ ಬುಡ ಬಿಟ್ಟು ಈ ಇಬ್ಬರ ಕಾಲಿಗೆ ಬಂದ ಮೇಲೆ ಒಳಗೆ ಕರೆದರು.

ತಾರವ್ವ ಕನ್ನಡದಲ್ಲಿ ಹೇಳಿದಳು, ಹಿರಾಬಾಯಿ ಮರಾಠಿಯಲ್ಲಿ ಹೇಳಿದಳು. ಕಾರ್ಡು, ಜಾಮೀನು, ಓಣಿ, ಕೊಡೆ, ಗಟಾರ ಎಲ್ಲ ಹೇಳಿದರು. ಸಾಹೇಬರು ಮೂಗು ಒರೆಸಿಕೊಂಡರು.

"ಹೇ ಮಾಝ್ಯಾಕಡಂ ನಾಹೀ, ಬಾಈ," ಅಂದರು. ಇದು ನನ್ನ ಕೈಯಲ್ಲಿಲ್ಲ.

ತಾರವ್ವ ಲೆಕ್ಕ ಹಾಕಿದಳು. ಕೋಳಿ ಹೋಯಿತು, ರಜೆ ಹೋಯಿತು.

"ಹಂಗಾದ್ರ ಯಾರ ಕೈಯಾಗ ಐತ್ರಿ?"

ಅರ್ಜಿ ತಳ್ಳಿಹಾಕಿದರೆ ಮೊದಲು ಅಂಗಡಿಯ ವಾರ್ಷಿಕ ಸಭೆಯಲ್ಲೇ ಕೇಳಬೇಕು ಎಂದು ಸಾಹೇಬರು ಬೇಸರದಿಂದ ವಿವರಿಸಿದರು. ಸಭೆಯಲ್ಲಿ ಸದಸ್ಯರು ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ಸದಸ್ಯರ ಮಾತಿನ ಮೇಲೆ ಅಧ್ಯಕ್ಷನ ಮಾತು ನಡೆಯುವುದಿಲ್ಲ.

"ಸದಸ್ಯರು ಅಂದ್ರ ಕಾರ್ಡ ಇದ್ದವರೇನ್ರಿ?" ತಾರವ್ವ ಕೇಳಿದಳು. ಹಿರಾಬಾಯಿ ಅದನ್ನು ಮರಾಠಿಯಲ್ಲಿ ದಾಟಿಸಿದಳು.

ಅಲ್ಲ, ಶೇರು ಇದ್ದವರೆಲ್ಲ, ಅಂದರು ಸಾಹೇಬರು. ನಿಮ್ಮ ಪಗಾರದಲ್ಲಿ ಶೇರಿನ ಹಣ ಮುರಿದಿದ್ದಾರೋ ಇಲ್ಲವೋ? ಮುರಿದಿದ್ದರೆ ನೀವೂ ಸದಸ್ಯರೇ. ಸಭೆಗೆ ನಿಮ್ಮನ್ನು ಎಂದೂ ಕರೆದಿಲ್ಲವೇ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಬಂದರು. ಗೋದಾಮಿನ ಗೋಡೆಗೆ ಒರಗಿದರು.

"ಅಂದ್ರ," ಹಿರಾಬಾಯಿ ನಿಧಾನವಾಗಿ ಕೇಳಿದಳು, "ನಮ್ಮ ಅಪೀಲ ನಮ್ಮ ಕಡೇನs ಬರ್ತೈತೇನ?"

"ಹೌದು."

"ನಾವs ಕೇಳಬೇಕು, ನಾವs ಕೊಡಬೇಕು."

"ಹೌದ ಹಿರಾ."

"ಮತ್ತ ನನ್ನ ಕೋಳಿ ಯಾಕ ಮಾರಿಸಿದಿ?"

ಗಡಹಿಂಗ್ಲಜದ ನಡುರಸ್ತೆಯಲ್ಲಿ ತಾರವ್ವ ಹೊಟ್ಟೆ ಹಿಡಿದುಕೊಂಡು ಕೂತಳು. ಎತ್ತಿನ ಗಾಡಿಯವನು ಗಾಡಿ ನಿಲ್ಲಿಸಿ, ಆರಾಮಿಲ್ಲವೇ ತಾಯಿ ಎಂದು ವಿಚಾರಿಸಿದ. ಆರಾಮ ಇದೆ, ಭಾಳ ಆರಾಮ ಇದೆ ಎಂದು ಹೇಳಲೂ ಅವಳಿಗೆ ಉಸಿರಿರಲಿಲ್ಲ. ಆ ಗಾಡಿ ಮಹಾಗಾಂವದ ಕಡೆಗೇ ಹೊರಟಿತ್ತು. ಇಬ್ಬರೂ ಅದರಲ್ಲೇ ಹೋದರು. ಅವ್ವ ಬೈದಳು. ಬೈಯುತ್ತಲೇ ಬಿಸಿ ರೊಟ್ಟಿ ಹಾಕಿದಳು, ಬಸ್ಸಿನ ಖರ್ಚು ಕೊಟ್ಟಳು.

ಮರುದಿನ ಮಧ್ಯಾಹ್ನ ಊರು ಮುಟ್ಟಿದರು. ಹೇಳದೆ ಖಾಡಾ ಮಾಡಿದ್ದಕ್ಕೆ ತಮ್ಮಣ್ಣ ಇಬ್ಬರನ್ನೂ ಕಾರಖಾನೆಯ ಗೇಟಿನ ಹೊರಗೆ ನಿಲ್ಲಿಸಿದ. ಸಂಜೆಯವರೆಗೆ ನಿಲ್ಲಿಸಿದ. ಬೇಡಿಕೊಳ್ಳಲಿ ಎಂದು ಕಾದ. ಅವರು ಬೇಡಲಿಲ್ಲ. ಗೇಟಿನ ಕಲ್ಲಿನ ಮೇಲೆ ಕೂತು ಹೆರಳು ಹಾಕಿಕೊಂಡರು. ನಾಳೆ ಕಂಡಿಕೆ ಕಡಿಮೆ ಬೀಳುತ್ತದೆಂದು ಮಾಲೀಕ ಗುರುಗುಟ್ಟಿದ ಮೇಲೆ ತಮ್ಮಣ್ಣನೇ ಬಂದು, ಬೆಳಿಗ್ಗೆ ಬರ್ರಿ, ಅಂದ.

ಮಗ್ಗದ ಷೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಖಟಖಟ ಸದ್ದು ನುಂಗುತ್ತದೆ. ಹೆಂಗಸರು ತುಟಿ ಓದುತ್ತಾರೆ. ಬೆಳಿಗ್ಗೆ ತಾರವ್ವ ಮಷೀನಿನ ಮುಂದೆ ನಿಂತು ತುಟಿ ಆಡಿಸಿದಳು. ನಾವು ಸದಸ್ಯರು. ಗಂಗುಬಾಯಿಯಲ್ಲ, ಇನ್ನೊಂದು ಪಕ್ಕದವಳು; ಅವಳಿಗೆ ತಿಳಿಯಲಿಲ್ಲ. ತಾರವ್ವ ತನ್ನ ಎದೆ ಮುಟ್ಟಿಕೊಂಡಳು, ಅವಳ ಎದೆ ತೋರಿಸಿದಳು, ಸಾಲಿನ ಕೊನೆಯವರೆಗೆ ಬೆರಳು ಓಡಿಸಿದಳು, ಕೈ ಮೇಲೆತ್ತಿದಳು. ಆ ಪಕ್ಕದವಳು ಮುಂದಿನವಳಿಗೆ ಹೇಳಿದಳು. ಮಾತು ಸಾಲಿನ ತುದಿ ಮುಟ್ಟಿ ಹಿಂದೆ ಬರುವಾಗ ನಗುವಾಗಿ ಬಂತು. ಸದ್ದಿಲ್ಲದೆ ಹೆಗಲುಗಳು ಕುಣಿದವು. ತಮ್ಮಣ್ಣ ಸಾಲಿನ ಉದ್ದಕ್ಕೂ ನಡೆದು ಬಂದ. ಎಲ್ಲರೂ ತಲೆ ತಗ್ಗಿಸಿ ಎಳೆಗೆ ಗಂಟು ಹಾಕುತ್ತಿದ್ದರು. ಏನಾಗಿದೆ ಎಂದು ಅವನಿಗೆ ಗೊತ್ತಾಗಲಿಲ್ಲ.

ಸಭೆ ಯಾವತ್ತು ಎಂಬುದು ತಿಳಿಯಬೇಕಿತ್ತು. ನೋಟೀಸು ಹಚ್ಚುವುದು ಭಾಂಡಾರದ ಒಳಗಿನ ಗೋಡೆಗೆ. ಕಿಟಕಿಯಿಂದ ಅದು ಕಾಣುವುದಿಲ್ಲ. ಒಂದು ದಿನ ನೀರಿನ ಮಡಕೆಯ ಹತ್ತಿರ ಗಂಗುಬಾಯಿ ಬಂದು ನಿಂತಳು. ಅತ್ತಿತ್ತ ನೋಡಿ, "ಬರೂ ಕರೆಂಟ ರಜಾದ ದಿನ. ಮುಂಜಾನೆ. ಧರ್ಮಶಾಲ್ಯಾಗ. ನಾ ಹೇಳೇನಿ ಅಂತ ಹೇಳಬ್ಯಾಡ," ಅಂದಳು. ನೀರು ಕುಡಿಯದೆ ಹೋದಳು.

ಪ್ರತಿ ವರ್ಷ ಆ ಸಭೆಗೆ ಬೆರಳೆಣಿಕೆಯ ಗಂಡಸರು ಬರುತ್ತಿದ್ದರು. ಚಹಾ ಕುಡಿದು, ಚಿವಡಾ ತಿಂದು, ಹಿಂದಿನ ಅಧ್ಯಕ್ಷನೇ ಮುಂದಿನ ಅಧ್ಯಕ್ಷ ಎಂದು ಹೇಳಿ ಎದ್ದು ಹೋಗುತ್ತಿದ್ದರು. ಆ ಮುಂಜಾನೆ ಧರ್ಮಶಾಲೆಯ ಅಂಗಳಕ್ಕೆ ಹೆಂಗಸರು ಬಂದರು. ಬೌದ್ಧರ ಓಣಿಯಿಂದ ಬಂದರು, ಕುರುಬರ ಓಣಿಯಿಂದ ಬಂದರು, ಕಾರ್ಡು ಕೇಳಿ ಬೈಸಿಕೊಂಡ ಬೇರೆ ಬೇರೆ ಓಣಿಗಳಿಂದ ಬಂದರು. ಬಗಲಲ್ಲಿ ಕೂಸು, ತಲೆಗೆ ಎಣ್ಣೆ. ಕೆಲವರು ಗಂಡಂದಿರನ್ನೂ ಎಳೆದು ತಂದಿದ್ದರು. ಮಾಯಪ್ಪ ಅವರ ನಡುವೆ ಬಾಗಿ ನಿಂತಿದ್ದ.

ಧನಪಾಲ ಬಾಗಿಲಿಗೆ ಬಂದ. "ಇಲ್ಲೇನ ಐತಿ ಅಂತ ಬಂದೀರಿ? ಜ್ವಾಳ ಹಂಚಾಕತ್ತಿಲ್ಲ."

"ಸಭಾಕ್ಕ ಬಂದೇವ್ರಿ," ತಾರವ್ವ ಹೇಳಿದಳು.

ಒಳಗೆ ಜಮಖಾನ ಹಾಸಿತ್ತು. ನೀಲಿ ಕೆಂಪು ಪಟ್ಟೆಯ ದೊಡ್ಡ ಜಮಖಾನ. ಅದರ ಮೇಲೆ ಕಾರ್ಡುದಾರರು ಕೂತಿದ್ದರು. ಗಂಗುಬಾಯಿ ಒಂದು ಮೂಲೆಯಲ್ಲಿ ಗಂಡನ ಹಿಂದೆ ಕೂತಿದ್ದಳು. ಹಿಂದಿನ ಅರ್ಧ ಖಾಲಿ ಇತ್ತು.

ತಮ್ಮಣ್ಣ ಎದ್ದು ನಿಂತ. ಸಿಟ್ಟು ಮಾಡಲಿಲ್ಲ. ಸಮಾಧಾನದಿಂದಲೇ ಹೇಳಿದ. "ಬಂದೀರಿ, ಚಲೋ ಆತು. ಹೊರಗ ಕಟ್ಟಿ ಮ್ಯಾಲ ಕುಂಡ್ರಿ. ಅಲ್ಲೂ ಕೇಳಸ್ತೈತಿ."

ಕೆಲವು ಹೆಂಗಸರು ಆಗಲೇ ತಿರುಗಿದ್ದರು. ಯಾರೂ ನೂಕಿರಲಿಲ್ಲ. ಕಾಲು ತಾವಾಗಿ ತಿರುಗಿದ್ದವು. ತಾರವ್ವನ ಕಾಲೂ ತಿರುಗಿತು. ಹೊಸ್ತಿಲಿನ ಕಡೆಗೆ ಒಂದು ಹೆಜ್ಜೆ ಇಟ್ಟೂ ಆಗಿತ್ತು. ಅವಳಿಗೆ ತನ್ನ ಕಾಲಿನ ಮೇಲೆ ಎಂದೂ ಬರದ ಸಿಟ್ಟು ಬಂತು. ಯಾರ ಕಾಲು ಇವು. ಯಾರ ಮಾತು ಕೇಳುತ್ತವೆ. ದಿನವಿಡೀ ಇವುಗಳ ಮೇಲೆ ನಿಂತು ಉಣ್ಣುವವಳು ನಾನು.

ಅವಳು ತಿರುಗಿದಳು. ಜಮಖಾನದ ಮೇಲೆ ಹೋದಳು. ಕೂತಳು.

ಧರ್ಮಶಾಲೆಯಲ್ಲಿ ಯಾರೋ ಕೆಮ್ಮಿದರು.

"ಏಳು," ಅಂದ ತಮ್ಮಣ್ಣ.

"ಏಳೂದಿಲ್ರಿ."

"ಜಮಖಾನ ಮೈಲಿಗಿ ಆಗ್ತೈತಿ."

"ಶೇರ್ ಮುರಕೊಳ್ಳೂ ಮುಂದ ನಮ್ಮ ರೊಕ್ಕ ಮೈಲಿಗಿ ಆಗಲಿಲ್ಲ. ಅದs ರೊಕ್ಕದ ಜಮಖಾನ ಇದು. ನಾ ಏಳೂದಿಲ್ಲ."

ತಮ್ಮಣ್ಣ ಕಣ್ಣು ಸನ್ನೆ ಮಾಡಿದ. ಇಬ್ಬರು ಗಂಡಸರು ಹೋಗಿ ಜಮಖಾನದ ಹಿಂದಿನ ತುದಿ ಹಿಡಿದು ಸುತ್ತತೊಡಗಿದರು. ಅವಳನ್ನು ಮುಟ್ಟಬಾರದು, ಆದರೆ ಅವಳ ಕೆಳಗಿನಿಂದ ಎಳೆಯಬೇಕು. ಎಳೆದರು. ತಾರವ್ವ ಸ್ವಲ್ಪ ಜರುಗಿದಳು. ಅಂಗೈ ಊರಿ ಗಟ್ಟಿಯಾಗಿ ಕೂತಳು. ಇನ್ನೊಮ್ಮೆ ಎಳೆದರು.

ಹಿರಾಬಾಯಿ ಓಡಿ ಬಂದು ಅವಳ ಪಕ್ಕ ಧಪ್ಪನೆ ಕೂತಳು. "ಓಢಾ," ಅಂದಳು ಎಳೆಯುವವರಿಗೆ. "ಎಳೀರಿ. ಕೊಲ್ಹಾಪುರತನಕ ಎಳೀರಿ. ಬಸ್ ಖರ್ಚ ಉಳೀತೈತಿ."

ಬಾಗಿಲಲ್ಲಿ ನಿಂತವರಿಗೆ ನಗು ಬಂತು. ನಗುತ್ತ ಒಳಗೆ ನುಗ್ಗಿದರು. ಒಬ್ಬಳು ಕೂತಳು, ಅವಳ ಮಗ್ಗುಲಿಗೆ ಇನ್ನೊಬ್ಬಳು ಕೂತಳು, ಕೂಸುಗಳನ್ನು ಮಡಿಲಿಗೆ ಎಸೆದುಕೊಂಡು ಕೂತರು. ಎಳೆಯುವವರ ಮುಖ ಕೆಂಪಾಯಿತು. ಜಮಖಾನ ಅಲುಗಲಿಲ್ಲ. ಅವರು ಮುಂದಿನ ತುದಿಗೆ ಹೋಗಿ ಮೂರನೆಯ ಸಲ ಬಲವೆಲ್ಲ ಹಾಕಿ ಜಗ್ಗಿದಾಗ, ಅದರ ಮೇಲೆ ಕೂತಿದ್ದ ಕಾರ್ಡುದಾರರು ಚಹಾದ ಬಶಿ ಸಮೇತ ಅಂಗಾತ ಬಿದ್ದರು. ಒಬ್ಬನ ಟೊಪ್ಪಿಗೆ ಉರುಳಿಕೊಂಡು ಒಂದು ಕೂಸಿನ ಹತ್ತಿರ ಹೋಯಿತು. ಕೂಸು ಅದನ್ನು ಬಾಯಿಗೆ ಹಾಕಿಕೊಂಡಿತು.

ಧರ್ಮಶಾಲೆ ನಗುವಿನಿಂದ ತುಂಬಿತು. ಮಗ್ಗದ ಸದ್ದಿನಲ್ಲಿ ಬಚ್ಚಿಟ್ಟಿದ್ದ ನಗುವೆಲ್ಲ ಹೊರಗೆ ಬಂತು. ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಬಿದ್ದವರಲ್ಲೂ ಕೆಲವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಾಯಪ್ಪ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದ. ಅವನ ಬೆನ್ನು ಒಂದಿಷ್ಟು ನೆಟ್ಟಗಾಗಿತ್ತು.

ತಾರವ್ವ ನಗಲಿಲ್ಲ. ಎಲ್ಲರೂ ನಗುವಾಗ ಅವಳು ಎದ್ದು ನಿಂತಳು.

"ನಾ ತಾರವ್ವ ಮಾಯಪ್ಪ ಕಾಂಬಳೆ. ನನಗ ಕಾರ್ಡ ಕೊಡೂದಿಲ್ಲ ಅಂದಾರ. ಅದಕ್ಕ ಅಪೀಲ ಮಾಡಾಕತ್ತೇನಿ. ಗಡಹಿಂಗ್ಲಜದಾಗ ಸಾಹೇಬ್ರು ಹೇಳ್ಯಾರ, ಇಲ್ಲೇ ಕೇಳು ಅಂತ. ಇಬ್ಬರು ಜಾಮೀನ ಬೇಕಂದ್ರಿ. ಇವರೆಲ್ಲಾ ನನ್ನ ಜಾಮೀನ. ಯಾವ ಇಬ್ಬರು ಬೇಕು ಆರಿಸ್ಕೋರಿ."

"ಇವರಿಗೆ ಕಾರ್ಡ ಇಲ್ಲ," ಅಂದ ತಮ್ಮಣ್ಣ.

"ಗುರುಸಿದ್ದನ ಅಂಗಡ್ಯಾಗ ಉದ್ರಿ ತರಾಕ ಹೋದ್ರ ಅಂವ ಕೈ ಹಿಡೀತಾನ. ನಂದೂ ಹಿಡದಾನ. ಇಲ್ಲಿ ಕುಂತವರ ಭಾಳ ಮಂದೀದು ಹಿಡದಾನ. ನಾವು ಅಲ್ಲಿಗೆ ಹೋಗೂದಿಲ್ಲ. ನಮ್ಮ ಅಂಗಡಿ ಇದ್ದು ಯಾಕ ಹೋಗೂಣು?" ತಾರವ್ವ ಕೇಳಿದಳು.

ನಗು ನಿಂತಿತು. ಗಂಡಸರು ಹೆಂಡಂದಿರ ಕಡೆ ನೋಡಿದರು. ಹೆಂಡಂದಿರು ತಲೆ ತಗ್ಗಿಸಲಿಲ್ಲ. ಬಾಗಿಲಲ್ಲಿ ಮಾಯಪ್ಪನ ಕೈ ಚೌಕಟ್ಟಿನಿಂದ ಜಾರಿತು. ತಾರವ್ವ ಅವನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅಲ್ಲಿಂದ ಹೋಗಲಿಲ್ಲ, ಒಳಗೆ ಬಂದು ಗೋಡೆಗೆ ಒರಗಿ ನಿಂತ.

"ಕಾರ್ಡ ಇದ್ದವರಷ್ಟs ಕೈ ಎತ್ರಿ," ತಮ್ಮಣ್ಣನ ಧ್ವನಿ ಏರಿತು.

"ಶೇರ್ ಇದ್ದವರೆಲ್ಲಾ ಎತ್ತಬೇಕ್ರಿ," ತಾರವ್ವ ಹೇಳಿದಳು. "ಕೇಳ್ರಿ ಸೆಕ್ರೆಟರಿಯವರನ್ನ."

ಧನಪಾಲ ತಮ್ಮಣ್ಣನನ್ನು ನೋಡಿದ. ಜಮಖಾನವನ್ನು ನೋಡಿದ. ಅದು ಎಲ್ಲಿಯೂ ಕಾಣುತ್ತಿರಲಿಲ್ಲ, ಅದರ ಮೇಲೆ ಅಷ್ಟು ಜನರಿದ್ದರು. "ನಿಯಮ ಹಂಗs ಐತಿ," ಅಂದ ಮೆಲ್ಲಗೆ.

ಕೈಗಳು ಎದ್ದವು. ಬೆರಳುಗಳಲ್ಲಿ ನೂಲು ಕೊಯ್ದ ಗೆರೆಗಳಿದ್ದವು. ಕೆಲವರು ಎರಡೂ ಕೈ ಎತ್ತಿದರು. ಒಂದು ಸಾಕೆಂದು ಹಿರಾಬಾಯಿ ತಿದ್ದಿದಳು. ಮುಂದಿನ ಮೂಲೆಯಲ್ಲಿ, ಗಂಡನ ಬೆನ್ನಿನ ಹಿಂದಿನಿಂದ ಒಂದು ಕೈ ಎದ್ದಿತು. ಹಸಿರು ಬಳೆಗಳು ಮೊಳಕೈವರೆಗೆ ಜಾರಿದವು. ಗಂಗುಬಾಯಿಯ ಗಂಡ ಹೊರಳಿ ನೋಡಿದ. ಅವಳು ಕೈ ಇಳಿಸಲಿಲ್ಲ. ಕಾರ್ಡುದಾರರಲ್ಲಿ ಇನ್ನೂ ಇಬ್ಬರು ಮೂವರು ಎತ್ತಿದರು. ಧನಪಾಲ ಎಣಿಸಲು ಹೋಗಿ ಬಿಟ್ಟ.

"ಮಂಜೂರ," ಅಂದ. ಬರೆದುಕೊಂಡ. ಪೆನ್ನಿನ ಟೊಪ್ಪಿಗೆ ಹಾಕಿದ.

ಹೆಂಗಸರಲ್ಲಿ ಒಂದು ಗುಲ್ಲೆದ್ದಿತು. ತಾರವ್ವನಿಗೆ ನಿಂತಲ್ಲಿಯೇ ನೆಲ ಬಿಟ್ಟು ಮೇಲಕ್ಕೆ ಹೋದಂತೆ ಅನಿಸಿತು. ಯಾರೋ ಅವಳ ಸೊಂಟ ಅಪ್ಪಿಕೊಂಡರು. ಯಾರೋ ಚಿವಡಾದ ಬುಟ್ಟಿಗೆ ಕೈ ಹಾಕಿ ಹಂಚತೊಡಗಿದ್ದರು.

ತಮ್ಮಣ್ಣ ಬೆವರು ಒರೆಸಿಕೊಂಡ. "ಆತಲ್ಲ ನಿಮ್ಮ ಕೆಲಸ. ಇನ್ನ ಹೋಗ್ರಿ. ಒಂದs ವಿಷಯ ಉಳದೈತಿ, ಅದು ನಮ್ಮದು."

"ಏನ ಉಳದೈತ್ರಿ?" ತಾರವ್ವ ಕೇಳಿದಳು.

ಧನಪಾಲ ಓದಿದ. "ಮುಂದಿನ ವರ್ಷದ ಅಧ್ಯಕ್ಷರು ಮತ್ತು ಮಂಡಳಿಯ ಆಯ್ಕೆ." ಓದಿ ಮುಗಿಸಿ ತಲೆ ಎತ್ತಿದ. ಬಹಳಷ್ಟು ಕೈಗಳು ಇನ್ನೂ ಮೇಲೆಯೇ ಇದ್ದವು.

"ಕೈ ಇಳಸ್ರಿ," ಅಂದ ತಮ್ಮಣ್ಣ.

"ಇರ್ಲಿ ಬಿಡ್ರಿ ತಮ್ಮಣ್ಣಾರ," ಹಿರಾಬಾಯಿ ಚಿವಡಾ ಅಗಿಯುತ್ತ ಹೇಳಿದಳು. "ಇಳಿಸಿ ಮತ್ತ ಎತ್ತೂದು ಯಾಕ?"

ಧನಪಾಲ ಮೇಲೆದ್ದ ಕೈಗಳನ್ನು ನೋಡಿದ. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದು ತಾರವ್ವನ ಕಡೆಗೆ ತಿರುಗಿದ.

"ಹೆಸರು ಹೇಳ್ರಿ," ಅಂದ.